ಪಿತ್ತದ ಗಂದೆಗೆ ಮುರುಗಲು ಸಾಕಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವಿರುವುದು ಬೆಂಗಳೂರಿನಲ್ಲಿ, ಅತ್ತೆ ಮನೆ ಶಿರಸಿ ಕಡೆ. ಒಂಬತ್ತು ವರ್ಷದ ಮಗನಿಗೆ ಹದಿನೈದು ದಿನದಿಂದ ಆಗಾಗ ಪಿತ್ತದ ಗಂದೆ ಏಳುತ್ತಿದೆ. ಅತ್ತೆ ಒಣ ಮುರುಗಲ (ಕೋಕಂ ಹುಳಿಹಣ್ಣಿನ) ಸಿಪ್ಪೆ ಕಳಿಸಿ, ನೆನೆಸಿ ಕುಡಿಸು, ಮೈಗೂ ಹಚ್ಚು ಎಂದಿದ್ದಾರೆ. ಜೊತೆಗೆ ಮುರುಗಲ ತುಪ್ಪದ ಉಂಡೆಯೂ ಬಂದಿದೆ. ಮೇಣದ ಹಾಗೆ ಗಟ್ಟಿ. ಕೆಟ್ಟಿದೆಯಾ?

ವೈದ್ಯರು: ತುಪ್ಪ ಕೆಟ್ಟಿಲ್ಲ, ಅದು ಇರುವುದೇ ಹಾಗೆ. 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಷ್ಟೇ ಕರಗುತ್ತದೆ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆರಿ ಗಟ್ಟಿಯಾದ ಮೇಲೆ ತೆಗೆದು ಉಂಡೆ ಕಟ್ಟುತ್ತಾರೆ. ಕಮಟು ವಾಸನೆ ಬಂದರೆ ಮಾತ್ರ ಎಸೆಯಿರಿ. ಒಡೆದ ಹಿಮ್ಮಡಿಗೆ ನಾನೂ ಇದನ್ನೇ ಹೇಳುವುದು: ರಾತ್ರಿ ಕಾಲು ತೊಳೆದು ಒರೆಸಿ, ಚಮಚದಲ್ಲಿ ಚೂರು ಬಿಸಿ ಮಾಡಿ, ಬೆಚ್ಚಗಿರುವಾಗಲೇ ತಿಕ್ಕಿ, ಸಾಕ್ಸ್ ಹಾಕಿ ಮಲಗಿ.

ಗಂದೆಯ ವಿಷಯ ಬೇರೆ. ಮುರುಗಲು ಆಯುರ್ವೇದದಲ್ಲಿ ವೃಕ್ಷಾಮ್ಲ, ಕರಾವಳಿ-ಮಲೆನಾಡಿನಲ್ಲಿ ತಲೆತಲಾಂತರದ ಮನೆಮದ್ದು. ಆದರೆ ಒಂದೊಂದು ಗಂದೆಯೂ ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿಯೇ ಇಳಿಯುತ್ತದೆ. ಹೆಸರು ಮುರುಗಲಿಗೆ ಬರುತ್ತದೆ, ಅಷ್ಟೇ! ಕುಡಿಸಲು ಅಡ್ಡಿಯಿಲ್ಲ. ನಾಲ್ಕೈದು ಸಿಪ್ಪೆ ಅರ್ಧ ಗಂಟೆ ನೆನೆಸಿ, ಹಿಂಡಿ, ಚೂರು ಬೆಲ್ಲ, ಜೀರಿಗೆ ಪುಡಿ ಹಾಕಿ. ತಾಮ್ರ, ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಕೆರೆದು ಗಾಯವಾದ ಚರ್ಮಕ್ಕೆ ಹಚ್ಚಬೇಡಿ, ಮಗು ಉರಿ ಉರಿ ಅಂತ ಅಳುತ್ತದೆ. ತುಟಿ, ಕಣ್ಣು ಊದಿದರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಓಡಿ. ಅಂದ ಹಾಗೆ, ಗಂದೆ ಶುರುವಾಗುವ ಮುಂಚೆ ಹೊಸ ಔಷಧಿ ಏನಾದರೂ ಕೊಟ್ಟಿದ್ರಾ?

ಪ್ರಶ್ನೆ ಕೇಳಿದವರು: ಅಯ್ಯೋ, ಹೌದು! ಜ್ವರ ಬಂದು ಐದು ದಿನ ಆಂಟಿಬಯೋಟಿಕ್ ಸಿರಪ್ ಕೊಟ್ಟಿದ್ದೆವು.

ವೈದ್ಯರು: ಸಿರಪ್ಪಿನಿಂದಲೂ ಆಗಬಹುದು, ಜ್ವರ ತಂದ ವೈರಸ್ಸಿನಿಂದಲೂ ಆಗಬಹುದು. ಬಾಟಲಿ ಸಮೇತ ಮಕ್ಕಳ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಆ ಸಿರಪ್ ಮತ್ತೆ ಕೊಡಬೇಡಿ.

ಮತ್ತೊಬ್ಬರು: ನಾವು ಪುತ್ತೂರಿನವರು, ಇಲ್ಲಿ ಇದಕ್ಕೆ ಪುನರ್ಪುಳಿ ಅನ್ನುತ್ತೇವೆ. ಅಪ್ಪನಿಗೆ ಶುಗರ್, ಬಿಪಿ ಎರಡೂ ಇದೆ. ಜ್ಯೂಸ್ ದಿನಾ ಬೇಕು ಅವರಿಗೆ. ತೂಕ ಇಳಿಸುವ ಕ್ಯಾಪ್ಸೂಲ್‌ನಲ್ಲಿಯೂ ಇರುವುದು ಇದೇ ಅಲ್ವಾ?

ವೈದ್ಯರು: ಬಾಟಲಿ ಜ್ಯೂಸಿನಲ್ಲಿ ಹಣ್ಣಿಗಿಂತ ಸಕ್ಕರೆಯೇ ಜಾಸ್ತಿ, ಬೇಡ. ಸಕ್ಕರೆ ಹಾಕದ ಸಾರು ಮಾಡಿ ಕೊಡಿ. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿದ್ದರೆ ತೊಳೆದು ಬಳಸಿ, ಸಾರಿಗೆ ಬೇರೆ ಉಪ್ಪು ಕಮ್ಮಿ ಮಾಡಿ. ಕ್ಯಾಪ್ಸೂಲಿನಲ್ಲಿ ಹೆಚ್ಚಾಗಿ ಇರುವುದು ಇದರ ದಾಯಾದಿ ಉಪ್ಪಾಗೆಯ ಸಾರ. ಉಪ್ಪಾಗೆ ಹುಳಿ ಅಡುಗೆಗೆ ಸರಿ. ಕ್ಯಾಪ್ಸೂಲ್ ನುಂಗಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಅಪ್ಪನಿಗೆ ಅದನ್ನು ಕೊಡಲೇಬೇಡಿ.

ಪ್ರಶ್ನೆ ಕೇಳಿದವರು: ನಾಳೆ ಸಂಜೆ ಮಕ್ಕಳ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ತುಪ್ಪದ ಉಂಡೆ ನನ್ನ ಹಿಮ್ಮಡಿಗೇ ಆಯ್ತು.