ಬೆಂಗಳೂರಿನಲ್ಲಿದ್ದುಕೊಂಡು ಆಲ್ಪೈನ್ ಸ್ಕೀ ತರಬೇತಿ ಸಾಧ್ಯವೇ?

ಪ್ರಶ್ನೆ (ಜಯನಗರದ ತಾಯಿ): ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿತು ಬಂದ 13 ವರ್ಷದ ಮಗಳು ಸ್ಲಾಲಂ (ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ತಿರುಗುತ್ತಾ ವೇಗವಾಗಿ ಇಳಿಯುವ ಆಲ್ಪೈನ್ ಸ್ಕೀ ಪಂದ್ಯ) ಸ್ಪರ್ಧೆಗೆ ಇಳಿಯಬೇಕೆಂದು ಹಟ ಹಿಡಿದಿದ್ದಾಳೆ. ಹಿಮವೇ ಬೀಳದ ಈ ಊರಿನಲ್ಲಿ ಅವಳು ಏನನ್ನು ಅಭ್ಯಾಸ ಮಾಡಬೇಕು?

ಉತ್ತರ 1: ಮೇಡಂ, ವೇಗದ ತಿರುವಿನಲ್ಲಿ ಹೊರಬದಿಯ ಕಾಲಿನ ಮೇಲೆ ದೇಹದ ತೂಕಕ್ಕಿಂತಲೂ ಹೆಚ್ಚಿನ ಭಾರ ಬೀಳುವುದರಿಂದ, ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಗಟ್ಟಿಗೊಳಿಸುವುದೇ ಮೊದಲ ಕೆಲಸ. ಒಂಟಿಕಾಲಿನ ಬಸ್ಕಿಯನ್ನೂ, ಪಕ್ಕಕ್ಕೆ ಜಿಗಿದು ಮಂಡಿ ಒಳಕ್ಕೆ ವಾಲದಂತೆ ನಿಲ್ಲುವುದನ್ನೂ ಕನ್ನಡಿಯ ಮುಂದೆ ಮಾಡಿಸಿ. ಇನ್‌ಲೈನ್ ಸ್ಕೇಟ್ (ಚಕ್ರಗಳು ಒಂದೇ ಸಾಲಿನಲ್ಲಿರುವ ಸ್ಕೇಟ್) ಹಾಕಿಸಿ ಸಾಲಾಗಿಟ್ಟ ಕೋನ್‌ಗಳ ನಡುವೆ ಓಡಿಸಿದರೆ ತಿರುವಿನ ಲಯವೂ ಕೂಡಿಬರುತ್ತದೆ.

ಉತ್ತರ 2: ಇದಿಷ್ಟೇ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. 2022ರ ಬೀಜಿಂಗ್ ಒಲಿಂಪಿಕ್ಸ್‌ನ ಜೈಂಟ್ ಸ್ಲಾಲಂನಲ್ಲಿ (ಕಂಬಗಳು ಇನ್ನಷ್ಟು ದೂರದೂರವಿರುವ ಸ್ಲಾಲಂ) 45ನೆಯವರಾದ ಭಾರತದ ಸ್ಕೀ ಪಟು ಆರಿಫ್ ಖಾನ್, ಗುಲ್ಮಾರ್ಗ್‌ನ ಹಿಮದಲ್ಲೇ ಬೆಳೆದವರಾದರೂ ಯುರೋಪಿಗೆ ಹೋಗಿ ಅಭ್ಯಾಸ ಮಾಡಬೇಕಾಯಿತು. ಖರ್ಚಿನ ಲೆಕ್ಕವನ್ನು ಈಗಲೇ ಹಾಕಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಸ್ಕೇಟಿಂಗ್ ತರಗತಿಯನ್ನು ಈ ವಾರವೇ ವಿಚಾರಿಸುತ್ತೇನೆ.