ಹತ್ತು ಪಂಪು, ಒಂದು ಮಂಗ

"ನೀನು ಹತ್ತು ಪಂಪ್ ಹೊಡೆದು ಮುಗಿಸುವಷ್ಟರಲ್ಲಿ ಆ ಮಂಗ ಬಾಳೆಹಣ್ಣು ತಿಂದು, ಸಿಪ್ಪೆಯನ್ನು ನಿನ್ನ ಅಂಗಳಕ್ಕೇ ಎಸೆದು, ಸಂಸಾರ ಕಟ್ಟಿಕೊಂಡು ಆಚೆ ತೋಟಕ್ಕೆ ಹೋಗಿರುತ್ತೆ ಮಾರಾಯ," ಎಂದ ಶೇಷಣ್ಣ.

ಮಂಜನ ಹೋಟೆಲಿನ ಬೆಂಚಿನ ಮೇಲೆ ತಿಮ್ಮಣ್ಣನ ಹೊಸ ಗಾಳಿಕೋವಿ ಮಲಗಿತ್ತು. ಹೊಸದು ಅಂದರೆ ಬಂದು ಮೂರು ತಿಂಗಳಾಯಿತು. ಮಗ ಬೆಂಗಳೂರಿನಿಂದ ಆನ್‌ಲೈನಲ್ಲಿ ಕಳಿಸಿದ್ದು. ಅದರ ಸ್ಕ್ರೂ ಯಾವಾಗಲೂ ಸಡಿಲ ಇರುತ್ತದೆ, ಮಂಜನ ಹತ್ತಿರ ಸ್ಪ್ಯಾನರ್ ಇದೆ ಎನ್ನುವುದು ತಿಮ್ಮಣ್ಣನ ನೆಪ. ಗೋಣಿಚೀಲದಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು, ದಿನಾ ಸಂಜೆ ತರುತ್ತಾನೆ.

"ಎಂಟು ಸಾಕು. ಹತ್ತೇ ಹೊಡೀಬೇಕು ಅಂತ ಇಲ್ಲ," ಎಂದ ತಿಮ್ಮಣ್ಣ. "ಎಷ್ಟು ಪಂಪ್ ಹೊಡೆದರೆ ಅಷ್ಟು ಗಾಳಿ. ಅಷ್ಟು ಜೋರು."

"ಮೂರಕ್ಕೆ ಏನಾಗುತ್ತೆ?"

"ಮೂರಕ್ಕೆ ಗುಂಡು ಹೊರಗೆ ಬರುತ್ತೆ."

"ಬಂದು?"

"ಬೀಳುತ್ತೆ."

ಶೇಷಣ್ಣ ಟೀ ಲೋಟ ಕೆಳಗಿಟ್ಟ. ಅವನು ಲೋಟ ಇಟ್ಟರೆ ಭಾಷಣ ಶುರು ಎಂದೇ ಲೆಕ್ಕ.

"ನೋಡಿ ಮೇಷ್ಟ್ರೇ, ನಮ್ಮ ಜನ್ಮವೆಲ್ಲ ಪಂಪ್ ಹೊಡೆಯುವುದರಲ್ಲೇ ಹೋಯಿತು. ಹುಡುಗರಾಗಿದ್ದಾಗ ಅಪ್ಪನ ಸೈಕಲ್ಲಿಗೆ. ಆಮೇಲೆ ಸೀಮೆಎಣ್ಣೆ ಸ್ಟವ್ವಿಗೆ. ಮದುವೆ ಮನೆಯಲ್ಲಿ ಪೆಟ್ರೋಮ್ಯಾಕ್ಸಿಗೆ. ಮಳೆಗಾಲ ಬಂತೋ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವುದಕ್ಕೆ. ಕೊನೆಗೂ ಗ್ಯಾಸ್ ಬಂತು, ಕರೆಂಟು ಬಂತು, ಮರಕ್ಕೆ ಔಷಧಿ ಹೊಡೆಯುವ ಉದ್ದ ದೋಟಿ ಬಂತು. ಅಬ್ಬ, ಈ ಪಂಪಿನಿಂದ ಬಿಡುಗಡೆಯಾಯಿತಲ್ಲ ಅಂದುಕೊಂಡರೆ, ಈಗ ಮಂಗ ಓಡಿಸುವುದಕ್ಕೂ ಪಂಪಂತೆ!"

"ಇದು ಇವತ್ತಿನದಲ್ಲ ಶೇಷಣ್ಣ," ಎಂದ ನಾಣಿ. ನಾಣಿ ರಾತ್ರಿಯೆಲ್ಲ ವಿಡಿಯೋ ನೋಡುತ್ತಾನೆ, ಹಗಲು ಅದನ್ನು ನಮಗೆ ಹೇಳುತ್ತಾನೆ. "1780ರ ಹೊತ್ತಿಗೇ ಆಸ್ಟ್ರಿಯಾದ ಸೈನ್ಯದಲ್ಲಿ ಗಾಳಿಕೋವಿ ಇತ್ತು. ಜಿರಾರ್ಡೋನಿ ಅಂತ. ಹೊಗೆ ಇಲ್ಲ, ಮಸಿ ಇಲ್ಲ. ಒಂದು ಸಲ ಗಾಳಿ ತುಂಬಿಸಿಬಿಟ್ಟರೆ ಇಪ್ಪತ್ತು ಗುಂಡು ಮೇಲಿಂದ ಮೇಲೆ ಹೊಡೀಬಹುದಿತ್ತು."

"ತುಂಬಿಸುವುದಕ್ಕೆ ಎಷ್ಟು ಪಂಪು?"

ನಾಣಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಸಾವಿರದ ಐನೂರು ಅಂತಾರೆ."

"ಸಾವಿರದ ಐನೂರು!" ಶೇಷಣ್ಣ ಎದ್ದೇ ನಿಂತ. "ಅಷ್ಟರಲ್ಲಿ ಎದುರಿನ ರಾಜ ಮಗಳನ್ನು ಕೊಟ್ಟು ರಾಜಿ ಮಾಡಿಕೊಂಡಿರುತ್ತಾನೆ. ಆಸ್ಟ್ರಿಯಾದವರು ಅದನ್ನು ಮೂಲೆಗೆ ಹಾಕಿದ್ದು ಸುಮ್ನೆ ಅಲ್ಲ."

"ಅಮೆರಿಕದಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಅನ್ನುವವರು 1803ರಲ್ಲಿ ಪಶ್ಚಿಮಕ್ಕೆ ದಾರಿ ಹುಡುಕಿಕೊಂಡು ಹೊರಟಾಗ ಒಂದು ಗಾಳಿಕೋವಿ ತಗೊಂಡು ಹೋಗಿದ್ದರು," ನಾಣಿ ಬಿಡಲಿಲ್ಲ. "ದಾರಿಯಲ್ಲಿ ಸಿಕ್ಕ ಬುಡಕಟ್ಟಿನವರಿಗೆಲ್ಲ ಹೊಡೆದು ತೋರಿಸುತ್ತಿದ್ದರಂತೆ. ಅವರೆಲ್ಲ ದಂಗಾಗುತ್ತಿದ್ದರಂತೆ."

"ಅದೇ ನಾನು ಹೇಳುವುದು! ತೋರಿಸಿದರೆ ಸಾಕು. ಪಂಪ್ ಯಾಕೆ? ಕೋವಿ ಯಾಕೆ? ನಮ್ಮ ಮನೆಯವಳು ಕೊಡೆ ಮಡಚಿ ಹೆಗಲಿಗೆ ಇಟ್ಟು ಒಂದು ಕಣ್ಣು ಮುಚ್ಚುತ್ತಾಳೆ. ಇಡೀ ಹಿಂಡು ಹಲಸಿನ ಮರ ಇಳಿದು ಓಡುತ್ತೆ. ಆ ಕೊಡೆಯಲ್ಲಿ ಎರಡು ಕಡ್ಡಿ ಮುರಿದಿವೆ. ಅದು ಮಂಗಕ್ಕೆ ಗೊತ್ತಾಗಿಲ್ಲ."

ಮೇಷ್ಟ್ರು ಕೆಮ್ಮಿದರು. ಮೇಷ್ಟ್ರು ಕೆಮ್ಮಿದರೆ ಕಾನೂನು ಬರುತ್ತದೆ.

"ಲೈಸೆನ್ಸ್ ಇದೆಯೇನಪ್ಪ ತಿಮ್ಮಣ್ಣ ಇದಕ್ಕೆ?"

"ಬೇಕಾಗಿಲ್ಲ ಮೇಷ್ಟ್ರೇ. ಮಗ ಎಲ್ಲ ನೋಡಿಯೇ ಕಳಿಸಿದ್ದು. ಅಪ್ಪನ ಮದ್ದು ತುಂಬುವ ಕೇಪಿನ ಕೋವಿ ಇದ್ದಾಗ ಗೊತ್ತಲ್ಲ ಗೋಳು. ಪಂಚಾಯ್ತಿ ಎಲೆಕ್ಷನ್ ಬಂತು, ಸ್ಟೇಷನ್ನಿಗೆ ಒಯ್ದು ಇಡು. ಅಸೆಂಬ್ಲಿ ಬಂತು, ಇಡು. ಪಾರ್ಲಿಮೆಂಟು ಬಂತು, ಇಡು. ಹಂದಿಗಳಿಗೂ ಎಲೆಕ್ಷನ್ ಡೇಟು ಗೊತ್ತಾಗಿಬಿಟ್ಟಿತ್ತು. ಅಪ್ಪ ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸೋಕೆ ಓಡಾಡಿ ಓಡಾಡಿ ಸಾಕಾಗಿ ಬಿಟ್ಟೆ."

"2016ರ ಆಯುಧ ನಿಯಮ," ಎಂದರು ಮೇಷ್ಟ್ರು, ಹಾಜರಿ ಕರೆಯುವ ದನಿಯಲ್ಲಿ. "ನಳಿಗೆಯ ಬಾಯಿ 0.177 ಇಂಚು, ಅಂದರೆ 4.5 ಮಿಲಿಮೀಟರ್ ದಾಟಬಾರದು. ಗುಂಡಿನ ಶಕ್ತಿ 20 ಜೌಲ್ ಮೀರಬಾರದು. ಅದರೊಳಗಿದ್ದರೆ ಲೈಸೆನ್ಸ್ ಬೇಡ."

"ಇಪ್ಪತ್ತು ಜೋಳ ಅಂದರೆ?" ಒಲೆ ಹತ್ತಿರದಿಂದ ಮಂಜ ಕೇಳಿದ.

"ಜೋಳ ಅಲ್ಲ ಮಾರಾಯ, ಜೌಲ್. ಎರಡು ಕಿಲೋ ಬೆಲ್ಲವನ್ನು ನೆಲದಿಂದ ಒಂದು ಮೀಟರ್ ಎತ್ತಿದರೆ ಹೆಚ್ಚುಕಡಿಮೆ 20 ಜೌಲ್."

ಶೇಷಣ್ಣ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. "ಮೇಷ್ಟ್ರೇ, ನಮ್ಮ ಮನೆಗೆ ಬರುವ ಗಡವ ಮಂಗ ಏಳು ಕಿಲೋ ಅಂತ ಇಟ್ಟುಕೊಳ್ಳಿ. ಅಂಗಳದಿಂದ ಮೂರು ಮೀಟರ್ ಎತ್ತರದ ಮಾಡಿಗೆ ಒಂದೇ ನೆಗೆತ. ಎಷ್ಟಾಯ್ತು?"

ಮೇಷ್ಟ್ರು ಕಣ್ಣು ಮುಚ್ಚಿ ಗುಣಿಸಿದರು. "ಇನ್ನೂರು. ಇನ್ನೂರಕ್ಕೆ ಸ್ವಲ್ಪ ಜಾಸ್ತಿ."

"ಹಾಗಾದರೆ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕಾದದ್ದು ಮಂಗಕ್ಕೆ!"

ಮಂಜ ನಕ್ಕ ರಭಸಕ್ಕೆ ಹಾಲು ಉಕ್ಕಿತು. ತಿಮ್ಮಣ್ಣನೂ ನಗಬೇಕೋ ಬೇಡವೋ ಎಂದು ಒಂದು ಕ್ಷಣ ನೋಡಿ, ನಕ್ಕ.

"ಲೈಸೆನ್ಸ್ ಬೇಡ ಅಂದರೆ ಹೊಡೀಬಹುದು ಅಂತ ಅರ್ಥ ಅಲ್ಲ," ಮೇಷ್ಟ್ರು ಮುಂದುವರಿಸಿದರು. "1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಗಾಯ ಮಾಡಿದರೂ ಬೇಟೆಯೇ. ಇನ್ನು ನೀನು ಹೊಡೆದು ಅದು ಸತ್ತೇ ಹೋಯ್ತು ಅನ್ನು. ಫಾರೆಸ್ಟಿನವರಿಗಿಂತ ಮೊದಲು ಆರೋಗ್ಯ ಇಲಾಖೆಯವರು ಬರುತ್ತಾರೆ. ತೋಟದಲ್ಲಿ ಸತ್ತ ಮಂಗ ಅಂದರೆ ನಮ್ಮ ಸೀಮೆಯಲ್ಲಿ ಹುಡುಗಾಟವಾ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾಗಿದ್ದೇ ಹಾಗೆ, ಮಂಗಗಳು ಪಟಪಟ ಸತ್ತು ಬಿದ್ದು."

"ಬಂದು, ಉಣ್ಣೆ ಕಚ್ಚದ ಹಾಗೆ ನಿನ್ನ ಕೈಕಾಲಿಗೆಲ್ಲ ಡೇಪಾ ಎಣ್ಣೆ ಹಚ್ಚಿಸ್ತಾರೆ ನೋಡು," ಎಂದ ಶೇಷಣ್ಣ. "ಕೋವಿ ಹಿಡಿದ ವೀರ, ಮೈತುಂಬ ಎಣ್ಣೆ. ಜಾರಿ ಬೀಳದಿದ್ದರೆ ಸಾಕು."

"ಸಾಯೋದಿಲ್ಲ ಬಿಡಿ," ಎಂದ ನಾಣಿ. "ಮೊದಲು ತಾಗಬೇಕಲ್ಲ. ತಿಮ್ಮಣ್ಣ, ಹಂಚಿನ ಲೆಕ್ಕ ಹೇಳಲಾ?"

"ಬೇಡ."

"ಈ ವರ್ಷ ಮಂಗ ಒಡೆದ ಹಂಚು ನಾಲ್ಕು. ತಿಮ್ಮಣ್ಣ ಒಡೆದದ್ದು ಏಳು."

"ಗುರಿ ಅಂದರೆ ಸುಲಭ ಅಲ್ಲ ಕಣೋ," ಎಂದ ತಿಮ್ಮಣ್ಣ. "ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಲ್ಲಿ ಚಿನ್ನ ಗೆದ್ದಿದ್ದೂ ಗಾಳಿಕೋವಿಯಲ್ಲೇ. ಇದೇ 4.5 ಮಿಲಿಮೀಟರ್ ಗುಂಡು. ಹತ್ತು ಮೀಟರ್ ದೂರ. ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್, ಸೂಜಿ ಚುಚ್ಚಿದಷ್ಟು."

"ಹೌದು," ಎಂದ ಶೇಷಣ್ಣ. "ಆದರೆ ಆ ಚುಕ್ಕೆ ಹಲ್ಲು ಕಿರಿಯುವುದಿಲ್ಲ. ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಪಕ್ಕದ ಕೊಂಬೆಗೆ ಹಾರುವುದಿಲ್ಲ. ಬಿಂದ್ರಾನ ಹಿಂದೆ ಹೆಂಡತಿ ನಿಂತುಕೊಂಡು 'ಹಂಚು, ಹಂಚು, ಹಂಚು' ಅಂತ ಕೂಗುವುದಿಲ್ಲ."

ಮಾತು ಅಲ್ಲಿಂದ ಹಾದಿ ತಪ್ಪಿತು. ನಾಲೂರು ಕಡೆಯ ರೈತರೊಬ್ಬರು 2019ರಲ್ಲಿ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟಕ್ಕೆ ಬಿಟ್ಟಿದ್ದು ಬಂತು. ದೇಶದ ಪೇಪರುಗಳಲ್ಲೆಲ್ಲ ಆ ನಾಯಿಯ ಫೋಟೋ ಬಂದಿತ್ತು. ಬಳಿದದ್ದು ಹೇರ್‌ಡೈ ಎಂದ ನಾಣಿ. "ನಾನು ಹದಿನೈದು ವರ್ಷದಿಂದ ಹಚ್ಚುತ್ತಿದ್ದೇನೆ, ನನಗೆ ಯಾರೂ ಹೆದರಲಿಲ್ಲ," ಎಂದ ಶೇಷಣ್ಣ. ಹುಲಿಗೊಂಬೆ ಬಂತು. ಮೊದಲನೇ ವಾರ ಮಂಗಗಳು ಹೆದರಿದವು, ಎರಡನೇ ವಾರ ಅದರ ಬೆನ್ನ ಮೇಲೆ ಕೂತು ಹೇನು ಹೆಕ್ಕಿದವು. ಹೊಸನಗರದ ನಾಗೋಡಿಯಲ್ಲಿ ಹಿಡಿದ ಮಂಗಗಳನ್ನು ಬಿಡಲು ಮಂಕಿ ಪಾರ್ಕ್ ಮಾಡುತ್ತಾರೆಂದು ಸುದ್ದಿಯಾಗಿದ್ದು, ಅಲ್ಲಿಯವರು ನಮಗೆ ಬೇಡವೇ ಬೇಡ ಎಂದದ್ದು ಬಂತು. ಊರಿನ ಹುಡುಗರೆಲ್ಲ ಬೆಂಗಳೂರಿಗೆ ಹೋದರು, ಇನ್ನು ಪಾರ್ಕಿನಲ್ಲಿ ಆಡುವುದಕ್ಕೆ ಮಂಗಗಳೇ ಸೈ ಎಂದು ಮೇಷ್ಟ್ರು ಅಂದರು. ಯಾರೂ ನಗಲಿಲ್ಲ.

"ಏರ್‌ಗನ್ನನ್ನು ಹಾಗೆಲ್ಲ ಆಡಿಕೊಳ್ಳಬೇಡಿ," ನಾಣಿ ಮತ್ತೆ ಹಳಿಗೆ ತಂದ. "ಸಾಲಿಂ ಅಲಿ ಪಕ್ಷಿತಜ್ಞ ಆಗಿದ್ದೇ ಏರ್‌ಗನ್ನಿಂದ. ಹುಡುಗನಾಗಿದ್ದಾಗ ಮುಂಬೈಯಲ್ಲಿ ಒಂದು ಗುಬ್ಬಿ ಹೊಡೆದರು. ನೋಡಿದರೆ ಅದರ ಕುತ್ತಿಗೆ ಹಳದಿ. ಏನಿದು ಅಂತ ಕೇಳೋಕೆ ಹೋದವರು ವಾಪಸ್ ಬರಲೇ ಇಲ್ಲ, ಹಕ್ಕಿಗಳ ಹಿಂದೆಯೇ ಹೋದರು."

"ಅವರು ಒಂದು ಗುಬ್ಬಿ ಹೊಡೆದು ಅದರ ಹೆಸರು ಕೇಳಲು ಹೋದರು. ನಿನ್ನ ಭಾವನ ಮಗ ಮೊನ್ನೆ ಪಿಕಳಾರ ಹೊಡೆದು ಏನು ಕೇಳಿದ?"

"ಏನು?"

"ಸ್ಟೇಟಸ್ಸಿಗೆ ಯಾವ ಹಾಡು ಹಾಕಲಿ ಅಂತ."

ನಾಣಿ ಮಾತಾಡಲಿಲ್ಲ. ಶೇಷಣ್ಣನ ದನಿಯಲ್ಲಿ ನಗು ಇರಲಿಲ್ಲ, ಅದು ಎಲ್ಲರಿಗೂ ಗೊತ್ತಾಯಿತು. ಅವನ ಸಿಟ್ಟು ತಿಮ್ಮಣ್ಣನ ಮೇಲಲ್ಲ. ನಮ್ಮ ಕೇರಿಗೆ ಈ ವರ್ಷ ನಾಲ್ಕು ಗಾಳಿಕೋವಿ ಬಂದಿವೆ. ಮೂರು ಕೋವಿಗೆ ಮಂಗ ಒಂದು ನೆಪ.

ಸುಮ್ಮನೆ ಕೂರಲಾರದೆ ನಾಣಿ ತಿಮ್ಮಣ್ಣನ ಕವಳದ ಸಂಚಿಗೆ ಕೈ ಹಾಕಿದ. ಎಲೆಗೆ ಸುಣ್ಣ ಹಚ್ಚಿದ, ಅಡಿಕೆ ಚೂರು ಇಟ್ಟ, ಪುಟ್ಟ ಡಬ್ಬಿಯಿಂದ ಲವಂಗ ಒಂದನ್ನು ತೆಗೆದು ಮೇಲಿಟ್ಟು ಮಡಚಿ ಬಾಯಿಯ ಹತ್ತಿರ ತಂದ.

"ಏ, ಏ! ಬಾಯಿಗೆ ಹಾಕಬೇಡ! ಅದು ಗುಂಡು!"

ನಾಣಿ ಎಲೆ ಬಿಡಿಸಿ ಅಂಗೈಗೆ ಹಾಕಿಕೊಂಡ. ನಾವೆಲ್ಲ ಬಗ್ಗಿ ನೋಡಿದೆವು. ಕಾಳುಮೆಣಸಿನಷ್ಟು ಸೀಸದ ಚೂರು. ನಡು ಸಣ್ಣ, ಎರಡು ತುದಿ ಅಗಲ, ಬುಡುಬುಡಿಕೆಯ ಹಾಗೆ. ಹಿಂದುಗಡೆ ಟೊಳ್ಳು. ಸುಣ್ಣ ಮೆತ್ತಿಕೊಂಡಿತ್ತು. ಇಷ್ಟೇನಾ ಎನ್ನಿಸುತ್ತಿತ್ತು. ಇಷ್ಟೇ, ಆದರೆ ಒಳಗೆ ಹೋಗಿ ಕೂತರೆ ಮಂಗಕ್ಕೆ ತೆಗೆಸಿಕೊಳ್ಳಲು ಆಸ್ಪತ್ರೆ ಇಲ್ಲ. ಕೀವು ಕಟ್ಟಿ, ಕಾಲು ಎಳೆಯುತ್ತಾ, ಹಿಂಡಿನ ಹಿಂದೆ ಹಿಂದೆ ಬರುವ ಒಂದೆರಡನ್ನು ನಾವೆಲ್ಲ ನೋಡಿದ್ದೇವೆ.

ಶೇಷಣ್ಣ ಡಬ್ಬಿ ಇಸಿದುಕೊಂಡು ಅಲುಗಾಡಿಸಿದ. ಸದ್ದೇ ಬರಲಿಲ್ಲ, ಅಷ್ಟು ತುಂಬಿತ್ತು.

"ಮೂರು ತಿಂಗಳಾಯ್ತಲ್ಲೋ. ಇದು ಖರ್ಚೇ ಆಗಿಲ್ಲ?"

"ಮೊದಲು ಆಗ್ತಿತ್ತು," ಎಂದ ತಿಮ್ಮಣ್ಣ.

"ಅದೇ ನಾನೂ ಅಂದುಕೊಂಡೆ," ಎಂದ ಮಂಜ. "ಹಂಚು ಏಳಕ್ಕೇ ನಿಂತಿದೆಯಲ್ಲ ಅಂತ."

ತಿಮ್ಮಣ್ಣ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತತೊಡಗಿದ. ಸುತ್ತುತ್ತಲೇ ಹೇಳಿದ.

"ಒಂದಿನ ಬಂದು ಕೊಟ್ಟಿಗೆ ಮಾಡಿನ ಮೇಲೆ ಕೂತಿತ್ತು. ಅದೇ ಗಡವ. ನಾನು ಬಾಗಿಲ ಸಂದಿಯಲ್ಲಿ. ಹತ್ತು ಪಂಪ್ ಹೊಡೆದಿದ್ದೆ. ಹದಿನೈದು ಅಡಿ, ತಪ್ಪಬೇಕು ಅಂದರೂ ತಪ್ಪೋದಿಲ್ಲ. ಗುರಿ ಇಟ್ಟೆ. ಬಾಳೆಹಣ್ಣು ಸುಲೀತಿತ್ತು. ಸಿಪ್ಪೆ ತೆಗೆದ ಮೇಲೆ ಹಣ್ಣಿಗೆ ನಾರು ಅಂಟಿರುತ್ತಲ್ಲ, ಅದನ್ನ ಒಂದೊಂದಾಗಿ ಉಗುರಲ್ಲಿ ಎಳೆದು ಎಳೆದು ತೆಗೀತಿತ್ತು. ಪೂರ್ತಿ ತೆಗೆದ ಮೇಲೇ ತಿಂದಿದ್ದು."

"ಅದಕ್ಕೆ?"

"ನಮ್ಮ ಮೊಮ್ಮಗನೂ ಹಾಗೇ. ನಾರು ಇದ್ದರೆ ಮುಟ್ಟೋದಿಲ್ಲ. ಹೋದ ಬೇಸಿಗೆ ಬಂದಾಗ ನಾನೇ ತೆಗೆದು ಕೊಡ್ತಿದ್ದೆ." ಚೀಲಕ್ಕೆ ಹಗ್ಗ ಬಿಗಿದ. "ಈಗ ಗುಂಡು ಹಾಕೋದಿಲ್ಲ. ಬರೀ ಗಾಳಿ. ಟಪ್ ಅಂತ ಸದ್ದು ಬರುತ್ತೆ, ಅವು ಹೋಗ್ತವೆ. ನಾಳೆ ಬರ್ತವೆ."

"ಹಾಗಾದರೆ ಮಗನಿಗೆ ವಾಪಸ್ ಕಳಿಸು ಮಾರಾಯ. ಈ ಕೈನೋವು ಯಾಕೆ?"

ತಿಮ್ಮಣ್ಣ ಉತ್ತರ ಕೊಡುವ ಮೊದಲೇ ಅವನ ಫೋನು ಹೊಡೆದುಕೊಂಡಿತು. ಏಳು ಗಂಟೆ. ವಿಡಿಯೋ ಕಾಲ್. ಮಗನ ಹಿಂದೆ ಯಾವುದೋ ಎತ್ತರದ ಕಟ್ಟಡದ ಕಿಟಕಿ, ಕಿಟಕಿಯಾಚೆ ಅಂಥದೇ ಇನ್ನೊಂದು ಕಿಟಕಿ. ಈ ಹುಡುಗ ಮೊದಲು ಭಾನುವಾರ ಮಾತ್ರ ಫೋನ್ ಮಾಡುತ್ತಿದ್ದದ್ದು ನಮಗೂ ಗೊತ್ತು. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಮ್ಮಂಗೆ ಕೊಡಿ. ಎರಡು ನಿಮಿಷ.

"ಅಪ್ಪಾ, ಬಿತ್ತಾ ಇವತ್ತು?"

"ಇಲ್ಲ ಕಣೋ. ಒಂಚೂರಲ್ಲಿ ತಪ್ಪಿತು."

"ಎಷ್ಟು ಪಂಪ್ ಹಾಕಿದ್ರಿ?"

"ಎಂಟು."

"ಎಂಟಕ್ಕೆ ಅಷ್ಟು ದೂರ ಹೋದಾಗ ಸ್ವಲ್ಪ ಕೆಳಗೆ ಬೀಳುತ್ತಪ್ಪ. ನಾನು ಹೇಳಿದ್ನಲ್ಲ, ಒಂದು ಬೆರಳು ಮೇಲೆ ಇಡಿ ಅಂತ. ಗಾಳಿ ಇತ್ತಾ?"

"ಇತ್ತು ಇತ್ತು. ಜೋರು ಗಾಳಿ."

ಹೋಟೆಲಿನ ಎದುರಿನ ಅಶ್ವತ್ಥದಲ್ಲಿ ಬೆಳಗಿನಿಂದ ಒಂದು ಎಲೆ ಅಲ್ಲಾಡಿರಲಿಲ್ಲ. ಅಶ್ವತ್ಥದ ಎಲೆಯೇ ಅಲ್ಲಾಡಿಲ್ಲ ಅಂದರೆ ಲೆಕ್ಕ ಹಾಕಿ. ಮೇಷ್ಟ್ರು ಶೇಷಣ್ಣನ ಮುಖ ನೋಡಿದರು, ಇವನು ಈಗ ಏನು ಅನ್ನುತ್ತಾನೋ ಎಂದು. ಶೇಷಣ್ಣ ಎದ್ದು ಬಂದು ತಿಮ್ಮಣ್ಣನ ಹೆಗಲ ಮೇಲಿಂದ ಫೋನಿಗೆ ಮುಖ ತೂರಿಸಿದ.

"ಎಡಗಡೆಯಿಂದ ಬೀಸ್ತಿತ್ತು ಮಾರಾಯ! ನಾನೇ ಅಲ್ಲಿದ್ದೆ. ಕೂದಲೆಳೆಯಲ್ಲಿ ತಪ್ಪಿತು. ನಿಮ್ಮಪ್ಪನಿಗೆ ಇನ್ನೂ ಸ್ವಲ್ಪ ಸರಿಯಾಗಿ ಹೇಳಿಕೊಡು ನೋಡುವಾ."