ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಹಳ್ಳಿಯ ಮನೆಯಲ್ಲಿ ಏನನ್ನು ಬದಲಿಸಿದೆ?

ಪ್ರಶ್ನೆ: ಎರೆಹೊಲ

ನಮ್ಮ ಊರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನಲ್ಲಿದೆ. ಮಳೆಯನ್ನೇ ನಂಬಿದ ಎರೆಭೂಮಿ. ಕಡಲೆ, ಜೋಳ ಕೈಹಿಡಿಯದ ವರ್ಷ ಕೂಲಿಯೇ ಗತಿ. ನಾನು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದು, ಎರಡು ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುತ್ತೇನೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದಾಗಿನಿಂದ ನಮ್ಮ ಅವ್ವನ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರುತ್ತಿದೆ. ಕೆಲವೊಮ್ಮೆ ತಡವಾಗಿ, ಎರಡು ಮೂರು ತಿಂಗಳದ್ದು ಒಟ್ಟಿಗೆ.

ಕಚೇರಿಯಲ್ಲಿ ಈ ಹಣದ ಮಾತು ಬಂದಾಗಲೆಲ್ಲ, ಇದರಿಂದ ಜನ ಸೋಮಾರಿಗಳಾಗುತ್ತಾರೆ, ಗಂಡಸರು ಕುಡಿದು ಹಾಳುಮಾಡುತ್ತಾರೆ ಎಂದು ಹೇಳುವವರೇ ಹೆಚ್ಚು. ನನಗೆ ಸಿಟ್ಟು ಬರುತ್ತದೆ, ಆದರೆ ಎದುರಿಟ್ಟು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಏಕೆಂದರೆ ನಮ್ಮ ಮನೆಗೆ ಈ ಹಣದಿಂದ ಹೊಸ ವಸ್ತು ಯಾವುದೂ ಬಂದಿಲ್ಲ. ಹೊಲಿಗೆ ಯಂತ್ರವಿಲ್ಲ, ಎಮ್ಮೆಯಿಲ್ಲ. ಕಳೆದ ಸಲ ಹೋದಾಗ ಒಂದನ್ನು ಮಾತ್ರ ಗಮನಿಸಿದೆ. ಅವ್ವ ಮೊದಲೆಲ್ಲ ಬಿಪಿ ಗುಳಿಗೆಯನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿದ್ದಳು. ಹದಿನೈದು ದಿನದ ಗುಳಿಗೆಯನ್ನು ತಿಂಗಳಿಗೆ ಎಳೆಯುವ ಲೆಕ್ಕ ಅದು. ಈಗ ಗೂಡಿನಲ್ಲಿ ತೆರೆಯದ ಇನ್ನೊಂದು ಪಟ್ಟಿ ಇಟ್ಟಿದ್ದಳು. ಕೇಳಿದರೆ, ‘ಮುಗಿಯೋಕ್ಕಿಂತ ಮೊದಲ ತಂದಿಟ್ಟೀನಿ’ ಎಂದಳು.

ಇಷ್ಟು ಸಣ್ಣದನ್ನು ಬದಲಾವಣೆ ಎನ್ನಬಹುದೇ? ನಿಮ್ಮ ಕಡೆ, ನಿಮ್ಮ ಕಣ್ಣಿಗೆ ಬಿದ್ದದ್ದು ಏನು? ಹೊಗಳಿಕೆಯಾಗಲೀ ತೆಗಳಿಕೆಯಾಗಲೀ ಬೇಡ, ಕಂಡದ್ದನ್ನು ಬರೆಯಿರಿ.

ಉತ್ತರ 1: ಅಂಗಡಿ ಲೆಕ್ಕ

ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನನ್ನದು ಕಿರಾಣಿ ಅಂಗಡಿ. ತಂದೆಯ ಕಾಲದಿಂದ ನಡೆದುಬಂದಿದೆ. ನೀವು ಕೇಳಿದ ಪ್ರಶ್ನೆಗೆ ನನ್ನ ಉದ್ರಿ ಪುಸ್ತಕವೇ ಉತ್ತರ ಹೇಳುತ್ತದೆ.

ಮೊದಲು ಉದ್ರಿ ತೀರುತ್ತಿದ್ದದ್ದು ಸುಗ್ಗಿಗೆ. ಗೋವಿನಜೋಳ ಮಾರಿದ ಹಣ ಬಂದ ಮೇಲೆ ಮನೆಯ ಯಜಮಾನ ಬಂದು, ಆರು ತಿಂಗಳ ಬಾಕಿಯಲ್ಲಿ ಅರ್ಧ ಕೊಟ್ಟು, ಉಳಿದರ್ಧವನ್ನು ಮುಂದಿನ ಹಾಳೆಗೆ ಎಳೆಯಲು ಹೇಳುತ್ತಿದ್ದ. ಪುಸ್ತಕದ ತುಂಬ ಗಂಡಸರ ಹೆಸರೇ ಇರುತ್ತಿತ್ತು, ಸಾಮಾನು ಒಯ್ಯುತ್ತಿದ್ದವರು ಹೆಂಗಸರಾದರೂ. ಈಗ ಪುಸ್ತಕದಲ್ಲಿ ಹೆಂಗಸರ ಹೆಸರಿನ ಹಾಳೆಗಳು ಬಂದಿವೆ. ಅವರಾಗಿಯೇ ಕೇಳಿ ಬರೆಸಿಕೊಂಡದ್ದು: ‘ಅವರ ಲೆಕ್ಕದಾಗ ಹಾಕಬ್ಯಾಡ್ರಿ ಅಣ್ಣ, ಇದು ನನ್ನದು ಬ್ಯಾರೆ.’ ಕಂತು ಜಮೆಯಾದ ಎರಡು ಮೂರು ದಿನಗಳಲ್ಲಿ ಆ ಹಾಳೆಗಳು ಬಹುಮಟ್ಟಿಗೆ ಚುಕ್ತಾ ಆಗುತ್ತವೆ.

ಕೊಳ್ಳುವ ರೀತಿಯೂ ಬದಲಾಗಿದೆ. ಸಣ್ಣ ಬಾಟಲಿ ಹಿಡಿದು ಬಂದು ಇಪ್ಪತ್ತು ರೂಪಾಯಿಯ ಎಣ್ಣೆ ಕೇಳುತ್ತಿದ್ದ ಮನೆಗಳು ಲೀಟರ್ ಪ್ಯಾಕೆಟ್ ಒಯ್ಯುತ್ತಿವೆ. ಚಿಲ್ಲರೆಯಾಗಿ ಕೊಂಡರೆ ಲೀಟರಿಗೆ ಹೆಚ್ಚು ಬೀಳುತ್ತದೆ ಎಂಬುದು ಅವರಿಗೆ ಮೊದಲೂ ಗೊತ್ತಿತ್ತು; ಒಮ್ಮೆಗೇ ಕೊಡಲು ಕೈಯಲ್ಲಿ ಹಣ ಇರಲಿಲ್ಲ, ಅಷ್ಟೆ. ಬಡವರು ತುಟ್ಟಿ ಬೆಲೆಗೆ ಕೊಳ್ಳಬೇಕಾಗುವುದು ಹೀಗೆ. ನಾನೂ ಅದರಿಂದ ಲಾಭ ಮಾಡಿಕೊಂಡವನೇ, ಮುಚ್ಚಿಡುವುದಿಲ್ಲ.

ಕುಡಿತದ ವಿಷಯ ಕೇಳಿದಿರಿ. ಕುಡಿಯುವವನು ತನ್ನ ಕೂಲಿಯಿಂದ ಮೊದಲೂ ಕುಡಿಯುತ್ತಿದ್ದ, ಈಗಲೂ ಕುಡಿಯುತ್ತಾನೆ. ಹೆಂಡತಿಯ ಹಣವನ್ನು ಕಸಿದುಕೊಂಡ ಗಂಡಸರೂ ಊರಿನಲ್ಲಿ ಇದ್ದಾರೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಅವನು ಕುಡಿದು ಬಂದ ವಾರವೂ ಮನೆಗೆ ಬೇಳೆ ಹೋಗುತ್ತದೆ. ಮೊದಲು ಹೋಗುತ್ತಿರಲಿಲ್ಲ.

ಉತ್ತರ 2: ಮಧ್ಯಮ ಸರಾಸರಿ

ನಾನು ಅರ್ಥಶಾಸ್ತ್ರದ ಉಪನ್ಯಾಸಕ. ಅಂಗಡಿಯವರು ಕಂಡದ್ದನ್ನು ಬೇರೆ ಕಡೆ ಅಳೆದು ನೋಡಿದ್ದಾರೆ, ಆದ್ದರಿಂದ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಮಧ್ಯಪ್ರದೇಶದ್ದು. ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆಯಾದ ‘ಸೇವಾ’, ಯುನಿಸೆಫ್ ನೆರವಿನೊಡನೆ, 2011–12ರಲ್ಲಿ ಕೆಲವು ಹಳ್ಳಿಗಳ ಎಲ್ಲರಿಗೂ ಯಾವ ಷರತ್ತೂ ಇಲ್ಲದೆ ತಿಂಗಳ ಹಣ ಕೊಟ್ಟು ನೋಡಿತು. ವಯಸ್ಕರಿಗೆ 200, ಮಕ್ಕಳಿಗೆ 100 ರೂಪಾಯಿಯಿಂದ ಆರಂಭಿಸಿ ಬಳಿಕ 300 ಮತ್ತು 150ಕ್ಕೆ ಏರಿಸಲಾಯಿತು. ಹಣ ಸಿಗದ ಹಳ್ಳಿಗಳೊಂದಿಗೆ ಹೋಲಿಸಿದಾಗ ಊಟ ಸುಧಾರಿಸಿತ್ತು, ಕುಡಿತ ಹೆಚ್ಚಾಗಿರಲಿಲ್ಲ. ಪರರ ಹೊಲದ ಕೂಲಿ ಬಿಟ್ಟು ತಮ್ಮದೇ ತುಂಡುಭೂಮಿಯಲ್ಲಿ ದುಡಿಯಲು ತೊಡಗಿದವರಿದ್ದರು. ಸೋಮಾರಿತನ ಎಂದು ದೂರದಿಂದ ಕರೆಯುವುದರಲ್ಲಿ ಒಂದು ಪಾಲು ಇದೇ ಇರಬಹುದು: ಕಡಿಮೆ ಕೂಲಿಗೆ ಕರೆದಾಗ ಬರುವುದಿಲ್ಲ ಎನ್ನುವ ಧೈರ್ಯ.

ಎರಡನೆಯದು ಕೆನ್ಯಾದ ಸಿಯಾಯ ಪ್ರಾಂತ್ಯದ್ದು. ಅಲ್ಲಿ ‘ಗಿವ್‌ಡೈರೆಕ್ಟ್ಲಿ’ ಸಂಸ್ಥೆಯು 653 ಹಳ್ಳಿಗಳ ವ್ಯಾಪ್ತಿಯ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಡ ಮನೆಗಳಿಗೆ ತಲಾ ಸುಮಾರು 1,000 ಡಾಲರನ್ನು ಮೊಬೈಲ್ ಮೂಲಕ ನೀಡಿತು. ಹಣ ಪಡೆದವರಷ್ಟೇ ಅಲ್ಲ, ಪಡೆಯದ ನೆರೆಹೊರೆಯವರ ಬದುಕೂ ಸುಧಾರಿಸಿತು, ಏಕೆಂದರೆ ಹಣ ಅವರ ಅಂಗಡಿಗೂ ಕೂಲಿಗೂ ತಿರುಗಿತು. ಬೆಲೆಗಳು ಹೆಚ್ಚೂಕಡಿಮೆ ಏರಲೇ ಇಲ್ಲ.

ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ತಿಂಗಳು ತಿಂಗಳು ಹಣ ಪಡೆದ ಮನೆಗಳಲ್ಲಿ ಊಟದ ಚಿಂತೆ ಹೆಚ್ಚಿನ ಮಟ್ಟಿಗೆ ಇಳಿಯಿತು. ಒಟ್ಟಿಗೆ ಪಡೆದವರು ಬಾಳಿಕೆ ಬರುವ ವಸ್ತುಗಳ ಕಡೆಗೆ ಹೋದರು. ಆದ್ದರಿಂದ ನಿಮ್ಮ ಮನೆಗೆ ಹೊಸ ವಸ್ತು ಬಾರದಿರುವುದನ್ನು ಕೊರತೆ ಎಂದು ಎಣಿಸಬೇಡಿ. ತಿಂಗಳ ಹಣ ಮಾಡಬೇಕಾದ ಕೆಲಸವನ್ನು ಆ ಗುಳಿಗೆಯ ಪಟ್ಟಿ ತೋರಿಸುತ್ತಿದೆ. ಮೂರು ಕಂತು ಒಟ್ಟಿಗೆ ಜಮೆಯಾದಾಗ ‘ಹೇಗೂ ಪೂರ್ತಿ ಕೊಟ್ಟೆವಲ್ಲ’ ಎನ್ನುವುದು ಮಾತ್ರ ಸರಿಯಲ್ಲ. ಮೊತ್ತ ಅಷ್ಟೇ ಇರಬಹುದು, ಆದರೆ ನಡುವಿನ ಎರಡು ತಿಂಗಳು ಆ ಮನೆ ಕೈಸಾಲ ಮಾಡಿರುತ್ತದೆ, ಅದರ ಬಡ್ಡಿಯನ್ನು ಯಾರೂ ತುಂಬಿಕೊಡುವುದಿಲ್ಲ.

ಇನ್ನೊಂದು ಮಾತು. 2024–25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಎರಡು ಸಾವಿರವೆಂದರೆ ಆರು ದಿನದ ಕೂಲಿಗಿಂತಲೂ ಕಡಿಮೆ. ಇದನ್ನು ನಂಬಿ ಯಾರೂ ತಿಂಗಳಿಡೀ ಕೈಕಟ್ಟಿ ಕೂರಲಾರರು.

ಉತ್ತರ 3: ಹೆಬ್ಬೆಟ್ಟು

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿಯಲ್ಲಿ ಬ್ಯಾಂಕ್ ಮಿತ್ರಳಾಗಿ, ಎಂದರೆ ಬ್ಯಾಂಕಿನ ಪರವಾಗಿ ಹಳ್ಳಿಯಲ್ಲೇ ಹಣ ಕೊಡುವವಳಾಗಿ, ಕೆಲಸ ಮಾಡುತ್ತೇನೆ. ಮೇಲಿನ ಇಬ್ಬರೂ ಹಣ ಕೈಸೇರಿದ ಮೇಲಿನ ಕಥೆ ಬರೆದಿದ್ದಾರೆ. ಕೈಸೇರುವ ಮೊದಲಿನದನ್ನು ನಾನು ದಿನವೂ ನೋಡುತ್ತೇನೆ, ಅದರ ಬಗ್ಗೆ ಹೇಳಲೇಬೇಕು.

ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಹಳ್ಳಿಯ ಹೆಂಗಸಿಗೆ ಸಾಮಾನ್ಯವಾಗಿ ಎರಡು ಮೂರು ಖಾತೆಗಳಿರುತ್ತವೆ: ಉದ್ಯೋಗ ಖಾತ್ರಿಗೆಂದು ಒಂದು, ಸಂಘದ ಸಾಲಕ್ಕೆಂದು ಇನ್ನೊಂದು, ಜನಧನ್ ಶಿಬಿರದಲ್ಲಿ ತೆರೆದದ್ದು ಮತ್ತೊಂದು. ತನ್ನ ಹಣ ಯಾವುದಕ್ಕೆ ಬೀಳುತ್ತಿದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ನನ್ನಲ್ಲಿಗೆ ಬಂದ ಒಬ್ಬ ಅಜ್ಜಿ ಎಂಟು ತಿಂಗಳು ‘ನನಗೆ ಬಂದೇ ಇಲ್ಲ ಮಗಾ’ ಎಂದು ಅಲೆದಿದ್ದರು. ನೋಡಿದರೆ ಅವರು ಮರೆತೇಹೋಗಿದ್ದ ಹಳೆಯ ಖಾತೆಯಲ್ಲಿ ಎಲ್ಲ ಕಂತುಗಳೂ ಕೂತಿದ್ದವು. ಹದಿನಾರು ಸಾವಿರ ಎಂದು ಹೇಳಿದಾಗ ಅವರು ನಂಬಲಿಲ್ಲ; ಇನ್ನೊಮ್ಮೆ ಯಂತ್ರದ ಮೇಲೆ ಬೆರಳಿಟ್ಟು, ಚೀಟಿಯನ್ನು ಮೊಮ್ಮಗನಿಂದ ಓದಿಸಿಕೊಂಡ ಮೇಲೆಯೇ ಬೆಂಚಿನ ಮೇಲೆ ಕುಳಿತರು.

ಬೆರಳಿನದೇ ಒಂದು ಪ್ರತ್ಯೇಕ ಕಷ್ಟ. ಕಳೆ ಕಿತ್ತು, ಪಾತ್ರೆ ಉಜ್ಜಿ, ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟು ನೋಡುತ್ತೇವೆ. ಹೆಚ್ಚು ದುಡಿದವಳ ಕೈಯನ್ನೇ ಯಂತ್ರ ತಿರಸ್ಕರಿಸುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಹಣ ಬರುವುದು ‘ಮನೆಯ ಯಜಮಾನಿ’ಯ ಹೆಸರಿಗೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರು ಎಂದರೆ ಮನೆಯ ಹಿರಿಯ ಹೆಂಗಸು. 2013ರ ಆಹಾರ ಭದ್ರತಾ ಕಾಯ್ದೆಯೇ ಹಾಗೆ ಹೇಳುತ್ತದೆ. ಹೀಗಾಗಿ ಅತ್ತೆಗೆ ಹಣ, ಸೊಸೆಗೆ ಇಲ್ಲ. ಇಬ್ಬರೂ ಹೊಂದಿಕೊಂಡಿರುವ ಮನೆಗಳಲ್ಲಿ ಇದು ಸಮಸ್ಯೆಯೇ ಅಲ್ಲ. ಆದರೆ ಮಗುವಿಗೆ ಹಾಲು, ಔಷಧಿ ಎಂದು ಮೊದಲು ಗಂಡನನ್ನು ಕೇಳುತ್ತಿದ್ದ ಸೊಸೆ ಈಗ ಅತ್ತೆಯನ್ನೂ ಕೇಳಬೇಕಾದ ಮನೆಗಳನ್ನು ಬಲ್ಲೆ. ಒಲೆ ಬೇರೆಯಾಗಿ ವರ್ಷಗಳಾದರೂ ಕಾರ್ಡು ಒಂದೇ ಇರುವ ಕಡೆ ಜಗಳ ಇನ್ನೂ ಹೆಚ್ಚು. ಇನ್ನು ಅತ್ತೆ ತೀರಿಕೊಂಡರೆ, ಕಾರ್ಡಿನಲ್ಲಿ ಯಜಮಾನಿಯ ಹೆಸರು ಬದಲಾಯಿಸಿ, ಸೊಸೆ ಹೊಸದಾಗಿ ಅರ್ಜಿ ಹಾಕಿ ಮಂಜೂರಾಗುವವರೆಗೆ ಆ ಮನೆಗೆ ಹಣ ನಿಲ್ಲುತ್ತದೆ. ಸಾವಿನ ಖರ್ಚು ಬಿದ್ದ ಹೊತ್ತಿನಲ್ಲೇ.

ಮೈಕ್ರೋ ಫೈನಾನ್ಸ್ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ಕಡೆ ಎಷ್ಟೋ ಹೆಂಗಸರ ಈ ಎರಡು ಸಾವಿರ ಬಂದ ದಿನವೇ ವಾರದ ಕಂತಿಗೆ ಹೋಗುತ್ತದೆ. ವಸೂಲಿಯವರ ಕಾಟಕ್ಕೆ ಊರು ಬಿಟ್ಟವರು, ಜೀವ ಕಳೆದುಕೊಂಡವರು ಇದ್ದುದರಿಂದಲೇ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಹಣ ಹೀಗೆ ಸಾಲಕ್ಕೆ ಸೋರಿಹೋಯಿತು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಗುಂಪಿನ ಇತರ ಹೆಂಗಸರೆದುರು ಕಂತು ಕಟ್ಟಲಾಗದೆ ತಲೆತಗ್ಗಿಸಿ ನಿಲ್ಲುವುದು ತಪ್ಪಿದರೆ, ಅದೂ ದೊಡ್ಡದೇ. ಆದರೆ ಯೋಜನೆಯ ಹಣವನ್ನೇ ನೋಡಿಕೊಂಡು ಹೊಸ ಸಾಲ ಕೊಡಲು ಬರುವವರನ್ನು ತಡೆಯದಿದ್ದರೆ, ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಿಂದ ಹೋಗುತ್ತದೆ.

ಉತ್ತರ 4: ಹಟ್ಟಿಮನೆ

ನಾನು ಹಣ ಪಡೆಯುವವಳೇ, ಆದ್ದರಿಂದ ಸ್ವಲ್ಪವೇ ಬರೆಯುತ್ತೇನೆ. ಅನ್ನಭಾಗ್ಯದಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲು 2023ರ ಜುಲೈಯಿಂದ ತಲೆಗೆ 170 ರೂಪಾಯಿ ಕೊಡುತ್ತಿದ್ದರು. ಕಿಲೋಗೆ 34ರ ಲೆಕ್ಕ. ಆ ಬೆಲೆಗೆ ನಮ್ಮ ಪೇಟೆಯಲ್ಲಿ ಉಣ್ಣುವಂಥ ಅಕ್ಕಿ ಸಿಗುತ್ತಿರಲಿಲ್ಲ. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ಶುರು ಮಾಡಿದಾಗ ನನಗೆ ಸಮಾಧಾನವಾಯಿತು. ಆದ್ದರಿಂದ ಹಣವೇ ಎಲ್ಲಕ್ಕೂ ಮದ್ದು ಎಂದು ಯಾರೂ ತಿಳಿಯಬಾರದು. ಅಕ್ಕಿ ಅಕ್ಕಿಯಾಗಿಯೇ ಬರಲಿ, ಹಣ ಹಣವಾಗಿ ಬರಲಿ.

ಗೃಹಲಕ್ಷ್ಮಿ ಹಣದಿಂದ ನಾನು ಮಾಡಿದ್ದು: ಮಗಳಿಗೆ ಹೈಸ್ಕೂಲಿಗೆ ಬ್ಯಾಗು, ಒಳಉಡುಪು, ತಿಂಗಳ ಪ್ಯಾಡು. ಇವನ್ನು ಅವಳ ಅಪ್ಪನ ಹತ್ತಿರ ಕೇಳಲು ಅವಳಿಗೂ ಆಗುತ್ತಿರಲಿಲ್ಲ, ನನಗೂ ಆಗುತ್ತಿರಲಿಲ್ಲ. ತವರಿನಲ್ಲಿ ಅಣ್ಣನ ಮಗನ ನಾಮಕರಣಕ್ಕೆ ಹೋದಾಗ, ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಗಂಡನ ಜೇಬಿನ ಕಡೆ ನೋಡದೆ ಮುಯ್ಯಿ ಮಾಡಿದೆ. ಐನೂರು ರೂಪಾಯಿ. ಹೋಗುವ ಬಸ್ಸಿಗೂ ದುಡ್ಡು ಕೊಡಬೇಕಿರಲಿಲ್ಲ.

ಎರೆಹೊಲ

ಎಲ್ಲರಿಗೂ ಕೃತಜ್ಞತೆ. ಬ್ಯಾಂಕ್ ಮಿತ್ರ ಸಹೋದರಿಯ ಬರಹ ಓದಿದ ಮೇಲೆ ಅವ್ವನಿಗೆ ಫೋನು ಮಾಡಿ, ಹಣ ಯಾವ ಖಾತೆಗೆ ಬರುತ್ತಿದೆ, ತೆಗೆಯಲು ಯಾರೊಂದಿಗೆ ಹೋಗುತ್ತಾಳೆ ಎಂದು ಕೇಳಿದೆ. ಇಷ್ಟು ದಿನ ನಾನು ಕೇಳಿಯೇ ಇರಲಿಲ್ಲ. ಪಕ್ಕದ ಮನೆಯ ಇಬ್ಬರೊಂದಿಗೆ ಸೇರಿ ಹೋಗುತ್ತಾಳಂತೆ. ಒಬ್ಬರ ಬೆರಳು ಬರದಿದ್ದರೆ ಉಳಿದಿಬ್ಬರೂ ಕಾದು ಕುಳಿತಿರುತ್ತಾರಂತೆ, ಯಾರೂ ಒಬ್ಬರನ್ನು ಬಿಟ್ಟು ಮೊದಲು ಹೊರಡುವುದಿಲ್ಲವಂತೆ. ತೆಗೆದ ಹಣದಲ್ಲಿ ಇನ್ನೂರು ರೂಪಾಯಿಯನ್ನು ಪ್ರತಿ ಸಲ ಪಾಸ್‌ಬುಕ್ಕಿನ ಒಳಗೇ ಮಡಚಿಡುತ್ತಾಳೆ. ಯಾತಕ್ಕೆ ಎಂದೆ. ‘ಕಂತು ತಡ ಆದರ ಗುಳಿಗಿಗೆ’ ಎಂದಳು.